ಮೂರು ವಾರದ ಮಾತ್ರೆ ಎಂಟು ತಿಂಗಳು ನಡೆದಾಗ

(ಗುರುತು ಸಿಗಬಾರದೆಂದು ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ.)

ಶಾರದಾ, 41 ವರ್ಷ, ಹೊಲಿಗೆ ಅಂಗಡಿ ಇಟ್ಟುಕೊಂಡವರು, ನನ್ನ ಬಳಿ ಆಪ್ತಸಲಹೆಗೆ ಬಂದಿದ್ದರು. ಕೂತ ಕೂಡಲೇ ಹೇಳಿದ್ದು, "ಮೇಡಂ, ನನ್ನ ಕಾಯಿಲೆ ಡಬಲ್ ಆಗಿ ವಾಪಸ್ ಬಂದಿದೆ." ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಮೈಯೆಲ್ಲ ಬೆವರು, ಪಕ್ಕದ ಮನೆಯ ಮಿಕ್ಸಿ ಸದ್ದಿಗೂ ಬೆಚ್ಚಿಬೀಳುತ್ತಾರೆ. ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ ಎನ್ನುವಾಗ ಅತ್ತೇಬಿಟ್ಟರು.

ಹಿಂದಿನದನ್ನು ಕೆದಕಿದೆ. ಎಂಟು ತಿಂಗಳ ಕೆಳಗೆ ಬಸ್ಸಿನಲ್ಲಿ ಎದೆ ಹೊಡೆದುಕೊಂಡು, ಉಸಿರು ಕಟ್ಟಿ, ಇನ್ನೇನು ಸತ್ತೇ ಹೋದೆ ಅನ್ನಿಸಿತ್ತಂತೆ. ಇಸಿಜಿ, ಥೈರಾಯ್ಡ್ ಎಲ್ಲ ಸರಿಯಾಗಿದ್ದವು. ಮನೋವೈದ್ಯರು ಪ್ಯಾನಿಕ್ (ಏಕಾಏಕಿ ಬರುವ ವಿಪರೀತ ಗಾಬರಿ) ಎಂದು ಗುರುತಿಸಿ ಎರಡು ಮಾತ್ರೆ ಬರೆದರು: ದಿನಕ್ಕೊಂದು ಎಸಿಟಾಲೊಪ್ರಾಮ್, ಜೊತೆಗೆ ಬೆಳಗ್ಗೆ ರಾತ್ರಿ ಆಲ್ಪ್ರಜೋಲಾಮ್ 0.25 ಮಿ.ಗ್ರಾಂ. ಎರಡನೆಯದು ಮೂರೇ ವಾರಕ್ಕೆ.

ಈ ಜೋಡಿಯಲ್ಲಿ ಒಂದು ಲೆಕ್ಕಾಚಾರವಿದೆ. ಎಸಿಟಾಲೊಪ್ರಾಮ್ ನಿಧಾನ, ಗುಣ ಕಾಣಲು 2ರಿಂದ 6 ವಾರ ಬೇಕು, ಮೊದಮೊದಲು ವಾಕರಿಕೆ, ಚಡಪಡಿಕೆ ಕೊಂಚ ಹೆಚ್ಚೂ ಆಗಬಹುದು. ಆಲ್ಪ್ರಜೋಲಾಮ್ ಮಿದುಳಿನ ಉದ್ರೇಕ ತಗ್ಗಿಸುವ ಗಾಬಾ ಎಂಬ ರಾಸಾಯನಿಕಕ್ಕೆ ಬಲ ಕೊಡುತ್ತದೆ, ಸುಮಾರು ಒಂದು ಗಂಟೆಯೊಳಗೆ ಗಾಬರಿ ಇಳಿಯುತ್ತದೆ. ನಿಧಾನದ ಮಾತ್ರೆ ಕೆಲಸ ಶುರುಮಾಡುವವರೆಗೆ ಮನುಷ್ಯ ಉಣ್ಣಬೇಕು, ಮಲಗಬೇಕು, ಅಂಗಡಿ ಬಾಗಿಲು ತೆಗೆಯಬೇಕಲ್ಲ? ಶಾರದಾ ನಾಲ್ಕನೇ ದಿನಕ್ಕೇ ಹೊಲಿಗೆಗೆ ಕೂತಿದ್ದರು. ಇಂಥ ಮಾತ್ರೆಯನ್ನು ವಿಷ ಎನ್ನುವವರ ಜೊತೆ ನನಗೆ ಜಗಳವಿದೆ.

ಎಡವಟ್ಟಾದದ್ದು ಆಮೇಲೆ. ವಾಕರಿಕೆ ತರುವ ಮಾತ್ರೆ ಬಿಟ್ಟರು, ಹಾಯೆನಿಸುವುದನ್ನು ಉಳಿಸಿಕೊಂಡರು. ಹಳೆಯ ಚೀಟಿಯನ್ನೇ ತೋರಿಸಿ ತರಿಸಿದರು. ಆಲ್ಪ್ರಜೋಲಾಮ್ ಶೆಡ್ಯೂಲ್ ಎಚ್1 ಔಷಧಿ, ಅಂದರೆ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲದ ಪಟ್ಟಿಯದ್ದು. 2014ರಿಂದ ಅಂಗಡಿಯವರು ರೋಗಿಯ, ವೈದ್ಯರ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಪರಿಚಯದ ಅಂಗಡಿಯಲ್ಲಿ ಅದೆಲ್ಲ ಯಾರು ಕೇಳುತ್ತಾರೆ? ಎರಡು ಇದ್ದದ್ದು ಮೂರು, ನಾಲ್ಕಾಯಿತು. ಕೊನೆಗೆ ನಾದಿನಿ "ಇದು ತಲೆ ಕೆಡಿಸುತ್ತೆ" ಎಂದದ್ದೇ ನೆಪ, ಇಡೀ ಸ್ಟ್ರಿಪ್ ಕಸದ ಬುಟ್ಟಿಗೆ ಎಸೆದರು.

ಹಾಗಾಗಿ ವಾಪಸ್ ಬಂದದ್ದು ಕಾಯಿಲೆಯಷ್ಟೇ ಅಲ್ಲ. ನಡುಕ, ಸದ್ದು ತಡೆಯಲಾಗದಿರುವುದು ಮೊದಲು ಇರಲೇ ಇಲ್ಲ; ಮಾತ್ರೆ ಬಿಟ್ಟ ಒಂದೆರಡು ದಿನದಲ್ಲೇ ಶುರುವಾಗಿವೆ. ತಿಂಗಳುಗಟ್ಟಲೆ ಅಭ್ಯಾಸವಾದ ಮಿದುಳು ಮಾತ್ರೆ ಸಿಗದೆ ಹೀಗೆ ಆಡುತ್ತದೆ. ಫಿಟ್ಸ್ ಬರುವ ಅಪಾಯವೂ ಇರುವುದರಿಂದ ಆಪ್ತಸಲಹೆ ಪಕ್ಕಕ್ಕಿಟ್ಟು, ಅವರೆದುರೇ ಮನೋವೈದ್ಯರಿಗೆ ಫೋನ್ ಮಾಡಿ ಅಂದೇ ಕಳಿಸಿದೆ. ಅವರು ಅದೇ ಗುಂಪಿನ, ಹೆಚ್ಚು ಹೊತ್ತು ಮೈಯಲ್ಲಿ ಉಳಿಯುವ ಕ್ಲೊನಾಜೆಪಾಮ್‌ಗೆ ಬದಲಿಸಿ, ತಿಂಗಳುಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸಿದರು. ಎಸಿಟಾಲೊಪ್ರಾಮ್ ಮತ್ತೆ ಶುರುಮಾಡಿದರು. ಇಳಿಸಿದ ಪ್ರಮಾಣವನ್ನು ಬೇಕೆಂದೇ ಬರೆಯುತ್ತಿಲ್ಲ. ಓದಿ ತಾವೇ ಮಾತ್ರೆ ತುಂಡು ಮಾಡುವವರಿದ್ದಾರೆ.

ನನ್ನ ಪಾಲಿನ ಕೆಲಸ ಬೇರೆ. ಮನೆಯವರನ್ನು ಕರೆಸಿ ಮಾತಾಡಿದಾಗ ಇನ್ನೊಂದು ಹೊರಬಿತ್ತು: ನಿದ್ದೆ ಬಾರದ ಅತ್ತೆಗೂ ಒಂದು ದಿನ ಅದೇ ಮಾತ್ರೆ ಕೊಟ್ಟಿದ್ದರು. ಎಪ್ಪತ್ತು ದಾಟಿದ ಆಕೆ ರಾತ್ರಿ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ವಯಸ್ಸಾದವರಿಗೆ ಇದರ ಮಂಪರು, ತೂಕಡಿಕೆ ಬೇಗ ಏರುತ್ತದೆ, ಬೇಗ ಇಳಿಯುವುದಿಲ್ಲ. ಒಬ್ಬರ ಚೀಟಿಯ ಮಾತ್ರೆ ಇನ್ನೊಬ್ಬರಿಗೆ ಬೇಡವೇ ಬೇಡ ಎಂದೆ. ಮದ್ಯದ ಜೊತೆ, ನಿದ್ದೆ ಬರಿಸುವ ಕೆಮ್ಮಿನ ಸಿರಪ್ ಅಥವಾ ಬಲವಾದ ನೋವಿನ ಮಾತ್ರೆ ಜೊತೆ ಸೇರಿದರೆ ಉಸಿರಾಟವೇ ಮಂದವಾಗಬಹುದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಇದನ್ನು ತೆಗೆದುಕೊಳ್ಳುತ್ತಿದ್ದೇನೆಂದು ಮೊದಲೇ ಹೇಳಬೇಕು. ಮಂಪರು ಇರುವಷ್ಟು ದಿನ ಸ್ಕೂಟರ್ ಮುಟ್ಟಬೇಡಿ ಎಂದೆ. ಗಂಡ ವಾರದ ಮಾತ್ರೆ ಎಣಿಸಿ ಕೊಡುವುದೆಂದು ಒಪ್ಪಂದವಾಯಿತು. ರಾತ್ರಿ ಹೊತ್ತು ಕಂಗಾಲಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೂ ಬರೆದುಕೊಟ್ಟೆ.

ಹೆಚ್ಚು ಹೊತ್ತು ಹಿಡಿದದ್ದು ಸೆರಗಿನ ಗಂಟು. ಹೊರಗೆ ಹೋಗುವಾಗ ಒಂದು ಮಾತ್ರೆಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು, ತಾಯತದ ಹಾಗೆ. ನುಂಗದಿದ್ದರೂ ಧೈರ್ಯವೆಲ್ಲ ಅದರಲ್ಲೇ. ಎದೆಬಡಿತ ತಾನಾಗಿ ಏರಿ ತಾನಾಗಿ ಇಳಿಯುತ್ತದೆ ಎಂದು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಮೈಗೇ ಗೊತ್ತಾಗಬೇಕು. ಉಸಿರನ್ನು ನಿಧಾನವಾಗಿ, ಉದ್ದಕ್ಕೆ ಬಿಡುವುದನ್ನು ಕಲಿಸಿದೆ. ಮೊದಲು ಬಸ್ಸಿನಲ್ಲಿ ಗಂಡನ ಜೊತೆ ಒಂದು ಸ್ಟಾಪ್, ಆಮೇಲೆ ಒಬ್ಬರೇ ಎರಡು ಸ್ಟಾಪ್. ಮಾರ್ಕೆಟ್‌ವರೆಗೆ ಗಂಟಿಲ್ಲದೆ ಹೋದ ದಿನ ದಾರಿಯಲ್ಲಿ ಎರಡು ಸಲ ಗಾಬರಿಯಾಯಿತಂತೆ. ಬಸ್ಸಿಂದ ಇಳಿಯಲಿಲ್ಲ, ಹುಕ್ಕು ಗುಂಡಿ ತಗೊಂಡೇ ಬಂದೆ ಎಂದರು.

"ಈ ಮಾತ್ರೆ ಇನ್ನು ಜನ್ಮದಲ್ಲಿ ಮುಟ್ಟಬಾರದಾ?" ಎಂದು ಕೇಳಿದರು. ಹಾಗೇನಿಲ್ಲ. ಮುಂದೆಂದಾದರೂ ವೈದ್ಯರು ಬರೆದರೆ ಎಷ್ಟು ದಿನಕ್ಕೆ, ಹೇಗೆ ಬಿಡುವುದು ಎಂದು ಮೊದಲ ದಿನವೇ ಕೇಳಿಕೊಳ್ಳಿ ಎಂದೆ. ಈಗ ಕ್ಲೊನಾಜೆಪಾಮ್ ಪೂರ್ತಿ ನಿಂತಿದೆ. ಎಸಿಟಾಲೊಪ್ರಾಮ್ ನಡೆಯುತ್ತಿದೆ, ಆರಾಮಾದ ಮೇಲೂ ಆರು ತಿಂಗಳಾದರೂ ಮುಂದುವರಿಸುವುದು ರೂಢಿ, ಅದನ್ನೂ ವೈದ್ಯರು ಹೇಳಿದಾಗಲೇ ಇಳಿಸಬೇಕು.