ನಾಲ್ಕು ಎಕ್ಸ್‌ಟ್ರಾ ಲೈಟಿಗೆ ಒಂದೇ ಸ್ವಿಚ್, ಬಿಸಿಯಾಗುತ್ತಿದ್ದರೆ

ಲಾರಿಯ 70 ವ್ಯಾಟಿನ ನಾಲ್ಕು ಎಕ್ಸ್‌ಟ್ರಾ ಲೈಟಿಗೆ ಇರುವ ಒಂದೇ ಸ್ವಿಚ್ ಬಿಸಿಯಾಗುತ್ತಿದೆ, ಎಂಟು ಬಟನ್ನಿನ ಸ್ವಿಚ್ ಪ್ಯಾನೆಲ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ಡ್ಯಾಶ್‌ಬೋರ್ಡಿನ ಸ್ವಿಚ್ ಬಿಸಿಯಾಗುವುದು ಬಹುಶಃ ನಾಲ್ಕೂ ಲೈಟಿನ ಕರೆಂಟ್ ಅದರೊಳಗೇ ಹಾಯುತ್ತಿರುವುದರಿಂದ. 70 ವ್ಯಾಟಿನವು ನಾಲ್ಕು ಅಂದರೆ 280 ವ್ಯಾಟ್. ನಿಮ್ಮ 24 ವೋಲ್ಟ್ ಲಾರಿಯಲ್ಲಿ ಸುಮಾರು 12 ಆಂಪಿಯರ್. ಇಷ್ಟಕ್ಕೆ ಎಂಟು ಬಟನ್ನಿನ ಪ್ಯಾನೆಲ್ ಬೇಡ, ಸುಮ್ನೆ ಖರ್ಚು ಜಾಸ್ತಿ. ಎರಡು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ಸಾಕು, ಒಂದೊಂದಕ್ಕೆ ಎರಡು ಲೈಟ್. ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ಮಳೆಯಲ್ಲಿ ಒಂದು ಜೋಡಿ ಕೈಕೊಟ್ಟರೂ ಇನ್ನೊಂದು ಉರಿಯುತ್ತದೆ, ಅಲ್ವಾ?

ಮೊದಲು ಬ್ಯಾಟರಿ ವೈರ್ ಬಿಚ್ಚಿ. ಬ್ಯಾಟರಿ ಪಾಸಿಟಿವ್‌ನಿಂದ 10 ಆಂಪಿಯರ್ ಫ್ಯೂಸ್ ದಾಟಿ ರಿಲೇಯ 30 ನಂಬರಿನ ಪಿನ್ನಿಗೆ, 87ನೇ ನಂಬರಿನ ಪಿನ್ನಿನಿಂದ ಲೈಟಿಗೆ, ಈಗಿನ ಸ್ವಿಚ್ಚಿನಿಂದ 86ಕ್ಕೆ, 85 ಅರ್ತ್‌ಗೆ. ಎರಡನೆಯದಕ್ಕೂ ಹೀಗೇ. ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಪುಣೆ ಬಳಿಯ ನಿಗಡಿ ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಕೊಳ್ಳುವಾಗ ರಿಲೇ ಮೇಲೆ 24 ವೋಲ್ಟ್ ಎಂದಿದೆಯೇ ನೋಡಿ. 12 ವೋಲ್ಟಿನದರ ಒಳಗಿನ ಕಾಯಿಲ್ (ತಂತಿ ಸುರುಳಿ) ಸುಟ್ಟುಹೋಗುತ್ತದೆ. ಆಮೇಲೂ ಸ್ವಿಚ್ ಬಿಸಿಯಾದರೆ ಅದರ ಟರ್ಮಿನಲ್ ಸಡಿಲವಾಗಿರಬಹುದು, ಬಿಗಿ ಮಾಡಿ.