ಬ್ಯಾರಲ್ಲಿಗೆ ಬ್ಯಾಟರಿ ಬಿಟ್ಟು ನೋಡಿ

ಪ್ರಶ್ನೆ: ನಮ್ಮ ಓಣಿಯಲ್ಲಿ ಇಬ್ಬರು ಮಕ್ಕಳಿಗೆ ಡೆಂಗಿ ಆಗಿದೆ. ಹಿತ್ತಲ ಗಟಾರ ಗಬ್ಬು ನಾರುತ್ತದೆ. ತಪಾಸಣೆಗೆ ಬಂದವರು ಆ ಕಡೆ ತಿರುಗಿಯೂ ನೋಡದೆ ನಮ್ಮ ಬ್ಯಾರಲ್ಲಿನ ನೀರು ಚೆಲ್ಲಿಸಿ ಹೋದರು. ನಳ ಬರುವುದೇ ಆರು ದಿನಕ್ಕೊಮ್ಮೆ! ಹೊಗೆ ಮಷಿನ್ನಾದರೂ ಯಾಕೆ ಕಳಿಸುವುದಿಲ್ಲ?
– ಗೃಹಿಣಿಯೊಬ್ಬರು, ಹಳೇ ಹುಬ್ಬಳ್ಳಿ

ಉತ್ತರ: ಅಕ್ಕಾರೆ, ಆರೋಗ್ಯ ನಿರೀಕ್ಷಕನಾಗಿ ಮೂವತ್ತು ವರ್ಷ ಇಂಥವೇ ಓಣಿ ತಿರುಗಿದವನು ನಾನು. ಚೆಲ್ಲಿಸಿದ ನೀರಿಗೆ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ.

ಗಟಾರದ ಸೊಳ್ಳೆ ಬೇರೆ. ಅದು ಕ್ಯೂಲೆಕ್ಸ್, ರಾತ್ರಿ ಕಚ್ಚುತ್ತದೆ, ಆನೆಕಾಲು ರೋಗ ತರುತ್ತದೆ. ಡೆಂಗಿ ತರುವ ಈಡಿಸ್‌ಗೆ ಗಟಾರ ಸೇರುವುದಿಲ್ಲ, ನಿಮ್ಮ ಕುಡಿಯುವ ನೀರಿನಂಥ ತಿಳಿನೀರೇ ಬೇಕು. ಕಾಲಿಗೆ ಬಿಳಿ ಪಟ್ಟೆ, ಕಚ್ಚುವುದು ಹಗಲಲ್ಲಿ.

ಒಮ್ಮೆ ಒಬ್ಬ ತಾಯಿ, 'ನಮ್ಮ ಮನಿ ದೇವರ ಮನಿ ಇದ್ದಂಗ ಐತ್ರಿ, ಏನ್ ನೋಡ್ತೀರಿ?' ಎಂದು ಬಾಗಿಲಲ್ಲೇ ನಿಂತರು. ಮನೆ ನಿಜಕ್ಕೂ ಚೊಕ್ಕಟವಿತ್ತು. ಬಚ್ಚಲಲ್ಲಿದ್ದ ನೀಲಿ ಬ್ಯಾರಲ್ಲಿಗೆ ಬ್ಯಾಟರಿ ಬಿಟ್ಟೆ. ಬಾಲ ಮೇಲೆ ಮಾಡಿ ತಲೆಕೆಳಗಾಗಿ ತೂಗುತ್ತಿದ್ದ ಹುಳುಗಳು ಬೆಳಕು ಬಿದ್ದದ್ದೇ ತಡ, ಕೊಂಕುತ್ತಾ ತಳಕ್ಕಿಳಿದವು. ಬಿಳಿ ಬಟ್ಟಲಲ್ಲಿ ಎತ್ತಿ ತೋರಿಸಿದೆ. ಆಕೆ ಮಾತಾಡಲಿಲ್ಲ, ಅತ್ತೆಯನ್ನು ಕರೆದು ತೋರಿಸಿದರು.

ಆದರೆ ನೀರು ಚೆಲ್ಲಿದರಷ್ಟೇ ಸಾಲದು. ಅದನ್ನು ಹೇಳದೆ ಹೋಗಿದ್ದರೆ ಬಂದವರದೂ ತಪ್ಪೇ. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ ತುಸು ಮೇಲೆ, ಬ್ಯಾರಲ್ಲಿನ ಗೋಡೆಗೆ. ನೋಡಲು ಮಸಿಯ ಚುಕ್ಕಿ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿದಿರೋ, ಒಡೆದು ಹುಳುವಾಗುತ್ತದೆ. ಅಲ್ಲಿಂದ ಸೊಳ್ಳೆಯಾಗಲು ಎಂಟು-ಹತ್ತು ದಿನ ಸಾಕು. ನಳ ಬಂದಾಗ ಹಳೆ ನೀರಿನ ಮೇಲೇ ಹೊಸದು ತುಂಬುವವರ ಮನೆಯಲ್ಲಿ ಈ ಸಂಸಾರ ನಿಲ್ಲುವುದೇ ಇಲ್ಲ. ಹಳೆ ನೀರನ್ನು ಬಟ್ಟೆ ತೊಳೆಯಲು ಮುಗಿಸಿ, ಒಳಗೋಡೆಯನ್ನು ಬ್ರಶ್ಶಿನಿಂದ ಗಸಗಸ ತಿಕ್ಕಿ ತೊಳೆದು ಆಮೇಲೆ ತುಂಬಿ. ಮೇಲೆ ಹಳೇ ಧೋತರ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ಅದರ ಗುಳಿಯಲ್ಲೇ ನೀರು ನಿಲ್ಲುತ್ತದೆ. ಫ್ರಿಜ್ಜಿನ ಹಿಂದಿನ ಟ್ರೇ, ಹೊರಗೆ ಬಿದ್ದ ಒರಳಿನ ಗುಳಿ ಇವನ್ನೂ ಬಿಡಬೇಡಿ.

ಹೊಗೆ? ಹಾರುವ ಸೊಳ್ಳೆಗೆ ಮಾತ್ರ. ಬ್ಯಾರಲ್ಲಿನ ಹುಳುವಿಗೆ ಏನೂ ಆಗುವುದಿಲ್ಲ. ಮಷಿನ್ ಬಂದಾಗ ನೀವೇ ಕಿಟಕಿ ಮುಚ್ಚಿಕೊಳ್ಳುತ್ತೀರಿ, ಮಂಚದ ಕೆಳಗಿನ ಸೊಳ್ಳೆ ಆರಾಮ. ಜನರ ಸಮಾಧಾನಕ್ಕೆಂದು ನಾನೂ ಎಷ್ಟೋ ಸಲ ಓಡಿಸಿದ್ದೇನೆ, ಸುಳ್ಳು ಹೇಳಲಾರೆ. ಅಂದಹಾಗೆ, 2024ರ ನಿಯಮದಂತೆ ಸೊಳ್ಳೆ ತಾಣ ಸಿಕ್ಕ ನಗರದ ಮನೆಗೆ 400 ರೂಪಾಯಿ ದಂಡ. ನಿಮ್ಮದು ಬರೀ ನೀರಿನಲ್ಲಿ ಹೋಯಿತು! ಗಟಾರದ ಅರ್ಜಿಯನ್ನೂ ಬಿಡಬೇಡಿ, ಬೇರೆಯಾಗಿ ಕೊಡಿ.

ಪ್ರಶ್ನೆ: ನಳದಲ್ಲಿ ಮೊದಲು ಕಂದು ನೀರು ಬರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಕುಡಿಯಬಹುದೇ?
– ಕಾಲೇಜು ವಿದ್ಯಾರ್ಥಿ, ಗದಗ

ಉತ್ತರ: ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಗಟಾರದ ಪಕ್ಕ ಸಣ್ಣ ಸೀಳಿದ್ದರೂ ಹೊರಗಿನ ಹೊಲಸು ಒಳಗೆ ನುಸುಳುತ್ತದೆ. ಮೊದಲ ಕೊಡಗಳನ್ನು ಸಂಡಾಸಿಗೆ ಇಟ್ಟುಕೊಳ್ಳಿ. ಆಮೇಲೂ ನಾತ ಬಂದರೆ ಪುಡಿ ಹಾಕಿ ಕುಡಿಯುವ ಸಾಹಸ ಬೇಡ, ದೂರು ಕೊಡಿ. ತಿಳಿನೀರಾದರೆ ಸಾವಿರ ಲೀಟರ್ ಟಾಕಿಗೆ ಸುಮಾರು ಎರಡೂವರೆ ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿ ಮಾತ್ರ ಸುರಿದು ಅರ್ಧ ತಾಸು ಬಿಡಿ. ಪುಡಿ ತರುವಾಗ ಡಬ್ಬಿ ತೆಗೆಸಿ ಮೂಸಿ; ಮೂಗಿಗೆ ಘಾಟು ಹೊಡೆಯದಿದ್ದರೆ ಅದು ಸತ್ತ ಪುಡಿ, ವಾಪಸ್ ಕೊಡಿ.