ಎಂ.ಆರ್.ಐ. ಮಾಡಿಸುವ ಮುನ್ನ: ರೇಡಿಯಾಲಜಿಸ್ಟ್ ಏನು ಓದಿದ್ದಾರೆಂದು ನೋಡುವುದು ಹೇಗೆ? ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ?

ನೀವು ಕೇಳಿರುವುದು ಎರಡು. ತಾಯಿಗೆ ಬೆನ್ನಿನ ಎಂ.ಆರ್.ಐ. ಬರೆದುಕೊಟ್ಟಿದ್ದಾರೆ, ಊರಿನ ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರು ನಿಜಕ್ಕೂ ರೇಡಿಯಾಲಜಿ (ಸ್ಕ್ಯಾನ್ ಚಿತ್ರ ನೋಡಿ ರಿಪೋರ್ಟ್ ಬರೆಯುವ ವಿದ್ಯೆ) ಓದಿದವರಾ; ಅಲ್ಲಿ ನಿಮ್ಮ ಬಿ.ಪಿ.ಎಲ್. ಮನೆಯ ಆಯುಷ್ಮಾನ್ ಕಾರ್ಡ್ ತಗೊಳ್ತಾರಾ. ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ, ಜನ ದುಡ್ಡು ಕಳೆದುಕೊಳ್ಳುವುದು ಅಲ್ಲಿ. ಬರೀ ಸ್ಕ್ಯಾನಿಗೆ ತಗೊಳ್ಳುವುದಿಲ್ಲ. ಸೆಂಟರಿನವರ ತಪ್ಪಲ್ಲ, ಯೋಜನೆ ಇರುವುದೇ ಹಾಗೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. 2018ರಲ್ಲಿ ರಾಜ್ಯದ್ದೂ ಕೇಂದ್ರದ್ದೂ ಸೇರಿ ಒಂದಾದ ಈ ಯೋಜನೆಯನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಟ್ರಸ್ಟ್ ಹಣ ಕೊಡುವುದು ನೋಂದಾಯಿತ ಆಸ್ಪತ್ರೆಗೆ, ಇಂಥ ಚಿಕಿತ್ಸೆಗೆ ಇಷ್ಟು ಎಂಬ ಪ್ಯಾಕೇಜ್ ಲೆಕ್ಕದಲ್ಲಿ. ಆ ಚಿಕಿತ್ಸೆಗೆ ಬೇಕಾದ ಸ್ಕ್ಯಾನು, ರಕ್ತಪರೀಕ್ಷೆ ಎಲ್ಲ ಅದರೊಳಗೇ ಬಂತು, ಪಿ.ಎಂ.ಜೆ.ಎ.ವೈ. (ಆಯುಷ್ಮಾನ್ ಭಾರತದ ಕೇಂದ್ರ ಯೋಜನೆ) ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ, ಬಿಡುಗಡೆಯ ನಂತರದ 15 ದಿನದ ತಪಾಸಣೆಯೂ ಸೇರಿದೆ. ಕಾಯಿಲೆ ಏನೆಂದು ತಿಳಿಯಲು ಹೊರರೋಗಿಯಾಗಿ ಮಾಡಿಸುವ ಎಂ.ಆರ್.ಐ. ಮಾತ್ರ ಹೊರಗೇ ಉಳಿಯಿತು. ಹಾಗಾಗಿ 'ಈ ರೇಡಿಯಾಲಜಿಸ್ಟ್ ಆಯುಷ್ಮಾನ್ ತಗೊಳ್ತಾರಾ' ಎಂದು ಕೇಳುವ ಬದಲು 'ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆಗೆ ದಾಖಲು' ಎಂದು ಕೇಳಬೇಕು.

ನಿಮಗೆ ನಾನು ಹೇಳುವ ದಾರಿ: ಖಾಸಗಿ ಡಾಕ್ಟರ ಚೀಟಿಯನ್ನೇ ಹಿಡಿದುಕೊಂಡು ಮೊದಲು ಜಿಲ್ಲಾ ಆಸ್ಪತ್ರೆಯ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜಿನ ಮೂಳೆ ವಿಭಾಗಕ್ಕೆ ಹೋಗಿ, ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಸ್ಕ್ಯಾನ್ ಅಲ್ಲೇ ಇದ್ದರೆ ಅಲ್ಲೇ ಬರೆಸಿಕೊಳ್ಳಿ. ಶಸ್ತ್ರಚಿಕಿತ್ಸೆ ಬೇಕಾಗಿ, ಅದು ಅಲ್ಲಿ ಆಗದಿದ್ದರೆ ಅವರೇ ರೆಫರಲ್ ಕೊಡುತ್ತಾರೆ. ಈ ರೆಫರಲ್ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದವರನ್ನು ತಿರುಗಿ ಕಳಿಸುವುದು ಮಾಮೂಲು. ತುರ್ತು ಸಂದರ್ಭಕ್ಕೆ ಮಾತ್ರ ವಿನಾಯಿತಿ.

ಇನ್ನೊಂದು ಕಡೆಯೂ ಎಡವುತ್ತಾರೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎ.ಪಿ.ಎಲ್. ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಉಳಿದದ್ದು ನಿಮ್ಮ ಕೈಯಿಂದ. ನಿಮ್ಮ ರೇಷನ್ ಕಾರ್ಡ್ ಈಗಲೂ ಚಾಲ್ತಿಯಲ್ಲಿದೆಯೇ, ತಾಯಿಯ ಹೆಸರು ಅದರಲ್ಲೂ ಆಧಾರಿನಲ್ಲೂ ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಕೊಳ್ಳಿ. ದಾಖಲಾಗುವ ದಿನ ಕೌಂಟರಿನಲ್ಲಿ ಗೊತ್ತಾದರೆ ತಲೆನೋವು.

ದಾಖಲಾದ ಮೇಲೆ 'ನಮ್ಮಲ್ಲಿ ಮೆಷೀನ್ ಇಲ್ಲ, ಹೊರಗೆ ಮಾಡಿಸ್ಕೊಂಡು ಬನ್ನಿ, ದುಡ್ಡು ನೀವೇ ಕಟ್ಟಿ' ಎಂದರೆ ಒಪ್ಪಬೇಡಿ. ಪ್ಯಾಕೇಜಿಗೆ ಸೇರಿದ ಸ್ಕ್ಯಾನಿನ ಖರ್ಚು ಆಸ್ಪತ್ರೆಯದ್ದು. ಅಲ್ಲಿನ ಆರೋಗ್ಯ ಮಿತ್ರರಿಗೆ (ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿರುವ ಸಿಬ್ಬಂದಿ) ತಿಳಿಸಿ, ಆಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಕಟ್ಟಲೇಬೇಕಾಗಿ ಬಂದರೆ ಬಿಲ್ಲನ್ನೂ ಆಸ್ಪತ್ರೆ ಬರೆದುಕೊಟ್ಟ ಚೀಟಿಯನ್ನೂ ಜೋಪಾನವಾಗಿಡಿ, ಬಾಯಿಮಾತಿನ ದೂರು ನಿಲ್ಲುವುದಿಲ್ಲ.

ಮನೆಯಲ್ಲಿ ಯಾರಾದರೂ ಗಾರ್ಮೆಂಟ್ಸ್‌ನಂಥ ಕಡೆ ತಿಂಗಳಿಗೆ 21,000 ರೂಪಾಯಿಯೊಳಗಿನ ಸಂಬಳಕ್ಕೆ ದುಡಿಯುತ್ತಿದ್ದು, ಸಂಬಳದಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಕಥೆಯೇ ಬೇರೆ. ಅವರನ್ನೇ ನೆಚ್ಚಿಕೊಂಡಿರುವ ತಾಯಿಯೂ ಅದರಡಿ ಬರುತ್ತಾರೆ, ಹೊರರೋಗಿ ತಪಾಸಣೆಗೂ ಅವಕಾಶವಿದೆ. ಡಿಸ್ಪೆನ್ಸರಿಯಿಂದ ಇ.ಎಸ್.ಐ. ಆಸ್ಪತ್ರೆ, ಅಲ್ಲಿ ಆಗದಿದ್ದರೆ ಒಪ್ಪಂದವಿರುವ ಸೆಂಟರಿಗೆ ಪತ್ರ. ಪತ್ರ ಬರುವ ಮೊದಲೇ ಸ್ಕ್ಯಾನ್ ಮಾಡಿಸಿಕೊಂಡರೆ ದುಡ್ಡು ವಾಪಸ್ ಪಡೆಯುವುದು ಕಷ್ಟ.

ಈಗ ಡಾಕ್ಟರ ಓದಿನ ವಿಷಯ. ಬೋರ್ಡಿನ ಮೇಲಿನ ಹೆಸರು ಬಿಡಿ, ರಿಪೋರ್ಟಿಗೆ ಸಹಿ ಮಾಡುವವರು ಯಾರು ಎಂದು ಕೇಳಿ. ಮೆಷೀನಿನಲ್ಲಿ ಮಲಗಿಸಿ ಚಿತ್ರ ತೆಗೆಯುವವರು ಟೆಕ್ನಿಷಿಯನ್. ಚಿತ್ರ ಓದಿ ರಿಪೋರ್ಟ್ ಬರೆಯುವವರು ರೇಡಿಯಾಲಜಿಸ್ಟ್, ಅವರು ಬೇರೆ ಊರಿನಲ್ಲೇ ಕೂತಿರಬಹುದು. ಅದು ತಪ್ಪೇನಲ್ಲ. ಆದರೆ ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಸ್ಪಷ್ಟವಾಗಿ ಕಾಣಲು ಕೊಡುವ ಔಷಧ) ಕೊಡುವುದಿದ್ದರೆ ಆ ಹೊತ್ತಿಗೆ ಸೆಂಟರಿನಲ್ಲಿ ಡಾಕ್ಟರು ಇರುತ್ತಾರಾ ಎಂದು ಕೇಳಲೇಬೇಕು, ಅಲರ್ಜಿಯಾದರೆ ನೋಡಿಕೊಳ್ಳುವವರು ಎದುರಿಗೇ ಇರಬೇಕಲ್ಲ.

ಎಂ.ಬಿ.ಬಿ.ಎಸ್. ನಂತರ ಎಂ.ಡಿ. ರೇಡಿಯೋಡಯಾಗ್ನೋಸಿಸ್ ಅಥವಾ ಅದೇ ವಿಷಯದ ಡಿ.ಎನ್.ಬಿ. (ಎಂ.ಡಿ.ಗೆ ಸಮನಾದ ಪದವಿ) 3 ವರ್ಷ, ಡಿ.ಎಂ.ಆರ್.ಡಿ. ಡಿಪ್ಲೊಮಾ 2 ವರ್ಷ. ಮೂರೂ ಸರಿಯೇ, ಡಿಪ್ಲೊಮಾ ಎಂದು ಮೂಗು ಮುರಿಯಬೇಡಿ, ಹಳಬರಲ್ಲಿ ಒಳ್ಳೊಳ್ಳೆಯವರೇ ಆ ಓದಿನವರು. ಎಚ್ಚರ ಬೇಕಿರುವುದು 'ಸೋನಾಲಜಿಸ್ಟ್' (ಅಲ್ಟ್ರಾಸೌಂಡ್ ಮಾಡುವವರು) ಎಂಬ ಬೋರ್ಡಿನ ಬಗ್ಗೆ. ಎಂ.ಬಿ.ಬಿ.ಎಸ್. ಮುಗಿಸಿ 6 ತಿಂಗಳ ತರಬೇತಿ ಪಡೆದವರೂ ಅಲ್ಟ್ರಾಸೌಂಡ್ ಮಾಡಲು ಕಾನೂನಿನಲ್ಲಿ ಜಾಗವಿದೆ. ಬೆನ್ನಿನ ಎಂ.ಆರ್.ಐ. ಓದಲು ಆ ತರಬೇತಿ ಸಾಲದು.

ಹೆಸರು ಸಿಕ್ಕಿದ ಮೇಲೆ ನೋಂದಣಿ ಸಂಖ್ಯೆಯನ್ನೂ ಕೇಳಿ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ವೈದ್ಯರು ತಮ್ಮ ಕ್ಲಿನಿಕ್ಕಿನಲ್ಲೂ ಚೀಟಿ, ರಸೀದಿಗಳಲ್ಲೂ ಅದನ್ನು ಕಾಣಿಸಬೇಕು, ಕೇಳುವುದಕ್ಕೆ ಸಂಕೋಚ ಬೇಡ. ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನ ವೈದ್ಯರ ಪಟ್ಟಿಯಲ್ಲಿ ಸಂಖ್ಯೆಯಿಂದಲೇ ಹುಡುಕಿ. ಹೆಸರಿನಿಂದ ಹುಡುಕಿದರೆ ಒಂದೇ ಹೆಸರಿನ ಹತ್ತಾರು ಡಾಕ್ಟರು ಸಿಗುತ್ತಾರೆ. ಎಂ.ಬಿ.ಬಿ.ಎಸ್. ಮಾತ್ರ ಕಂಡರೆ ಕೂಡಲೇ ನಕಲಿ ಎನ್ನಬೇಡಿ. ಮೇಲಿನ ಓದನ್ನು ಕೌನ್ಸಿಲ್‌ನಲ್ಲಿ ಬೇರೆಯಾಗಿ ಸೇರಿಸಬೇಕು, ಕೇಂದ್ರದ ಪಟ್ಟಿಗೆ ಅದು ಬರುವುದು ತಡವಾಗುತ್ತದೆ. ಬೇರೆ ರಾಜ್ಯದಲ್ಲಿ ನೋಂದಾಯಿಸಿದವರೂ ಇರುತ್ತಾರೆ. ಅನುಮಾನ ಉಳಿದರೆ ಕೌನ್ಸಿಲ್‌ಗೇ ಬರೆದು ಕೇಳಿ.

ಸೆಂಟರಿಗೆ ಕೆ.ಪಿ.ಎಂ.ಇ. (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು, ಆ ಪ್ರಮಾಣಪತ್ರ ಎದುರಿಗೇ ತೂಗುಹಾಕಿರಬೇಕು. ಎಕ್ಸ್-ರೇ, ಸಿ.ಟಿ.ಗಾದರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಎಂ.ಆರ್.ಐ.ನಲ್ಲಿರುವುದು ಆಯಸ್ಕಾಂತ ಮತ್ತು ರೇಡಿಯೋ ಅಲೆ, ಎಕ್ಸ್-ರೇಯಂಥ ವಿಕಿರಣವಲ್ಲ. ಅದಕ್ಕೆ ಆ ಮಂಡಳಿಯ ಕಾಗದ ಕೇಳಿ ಪೇಚಿಗೆ ಸಿಕ್ಕಬೇಡಿ.

ಕೊನೆಗೆ, ಫಿಲ್ಮ್ ಜೊತೆ ಸಿ.ಡಿ.ಯನ್ನೋ ಲಿಂಕನ್ನೋ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಅಚ್ಚಾಗುವುದು ಆಯ್ದ ಚಿತ್ರಗಳಷ್ಟೇ, ಸಿ.ಡಿ.ಯಲ್ಲಿ ಪೂರ್ತಿ ಇರುತ್ತದೆ. ರಿಪೋರ್ಟಿನ ಬಗ್ಗೆ ಮೂಳೆ ಡಾಕ್ಟರಿಗೆ ಅನುಮಾನ ಬಂದರೆ ಅದೇ ಸಿ.ಡಿ.ಯನ್ನು ಇನ್ನೊಬ್ಬ ರೇಡಿಯಾಲಜಿಸ್ಟ್ ಓದಬಹುದು, ಮತ್ತೆ ಸ್ಕ್ಯಾನಿಗೆ ದುಡ್ಡು ಸುರಿಯಬೇಕಿಲ್ಲ.